ಗುಮಾನಿ ಮಾವ

ನಮ್ಮ ಸೋದರಮಾವ ಪೊಲೀಸ್ ಇಲಾಖೆಗೆ ಸೇರಲಿಲ್ಲ. ಅದು ಇಲಾಖೆಯ ಪುಣ್ಯವೋ ಕಳ್ಳರ ಪುಣ್ಯವೋ, ನನಗಿನ್ನೂ ತೀರ್ಮಾನವಾಗಿಲ್ಲ! ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲಿನ ದೋಷ ಹುಡುಕುವುದು ಅವರ ಕೆಲಸವಾಗಿತ್ತು. ನಿವೃತ್ತರಾಗಿ ಅದೇ ಊರಿನ ನ್ಯೂ ಟೌನಿನ ಮನೆಯಲ್ಲಿ ಕೂತ ಮೇಲೆ, ಅದುವರೆಗೆ ಕಬ್ಬಿಣದ ಮೇಲಿದ್ದ ಅನುಮಾನ ಮನುಷ್ಯರ ಕಡೆ ತಿರುಗಿತು.

ಹಾಗಂತ ಅವರು ಕದ್ದು ಕೇಳುವವರಲ್ಲ, ಯಾರ ಕಿಟಕಿಗೂ ಇಣುಕುವವರಲ್ಲ. ಊರೆಲ್ಲ ನೋಡುವುದನ್ನೇ ಅವರೂ ನೋಡುತ್ತಾರೆ. ಪೇಪರಿನ ಶ್ರದ್ಧಾಂಜಲಿ, ಹೆಸರು ಬದಲಾವಣೆಯ ಪ್ರಕಟಣೆ, ಸರ್ಕಲ್ಲಿನ ಫ್ಲೆಕ್ಸು, ಮದುವೆ ಕಾರ್ಡಿನ ತುದಿಯಲ್ಲಿರುವ ಹೆಸರುಗಳು, ವಾಟ್ಸಾಪ್ ಸ್ಟೇಟಸ್ಸು, ಎಲ್ಲವೂ ಒಂದು ಉದ್ದನೆಯ ನೋಟ್‌ಬುಕ್ಕಿಗೆ ಹೋಗುತ್ತವೆ. ಫ್ಲೆಕ್ಸಿನಲ್ಲಿ ಅಣ್ಣತಮ್ಮಂದಿರ ಫೋಟೋ ಅಕ್ಕಪಕ್ಕ ಇಲ್ಲವೆಂದರೆ ಆಸ್ತಿ ಪಾಲಾಗಿದೆ ಎಂದೇ ಅವರ ತೀರ್ಪು!

"ಮಾಹಿತಿ ಬೀದಿಲಿ ಬಿದ್ದಿರುತ್ತೆ ಮಾರಾಯ್ತಿ. ಅದರ ಅರ್ಥ ಬಿದ್ದಿರಲ್ಲ, ಅದನ್ನ ನಾವೇ ತೆಗೀಬೇಕು" ಎನ್ನುತ್ತಾರೆ. ಹೆಣ್ಣು ಕೊಡುವ ಮೊದಲು, ಸೈಟು ಕೊಳ್ಳುವ ಮೊದಲು ನೆಂಟರು ಇವರ ಎರಡು ಸಾಲಿನ ಅಭಿಪ್ರಾಯಕ್ಕೆ ಕಾಯುತ್ತಾರೆ.

ನನ್ನ ಚಿಕ್ಕಪ್ಪನ ಮಗಳಿಗೆ ಹೊಳಲೂರಿನ ಸಂಬಂಧ ಬಂತು. ಹುಡುಗನಿಗೆ ಸ್ವಂತ ಟ್ರ್ಯಾಕ್ಟರ್ ಇದೆ ಎಂದರು. ಮಾವ ಅವನ ಫೇಸ್‌ಬುಕ್ ತೆರೆದರು. ನಾಲ್ಕು ಫೋಟೋ, ನಾಲ್ಕರಲ್ಲೂ ಟ್ರ್ಯಾಕ್ಟರ್, ನಾಲ್ಕಕ್ಕೂ ಬೇರೆ ಬೇರೆ ನಂಬರು! ಕದ್ದ ಮಾಲೇ? ಚಿಕ್ಕಮ್ಮ ಆಗಲೇ ಹರಕೆ ಹೊತ್ತಾಗಿತ್ತು. ಮಾವ ಫೋಟೋ ದೊಡ್ಡದು ಮಾಡಿ ಹುಡುಗನ ಉಗುರು ನೋಡಿದರು. ಗ್ರೀಸು! ಅವನು ಟ್ರ್ಯಾಕ್ಟರ್ ರಿಪೇರಿ ಮಾಡುವವನು. "ಧೈರ್ಯವಾಗಿ ಕೊಡಿ. ಟ್ರ್ಯಾಕ್ಟರ್ ಇಟ್ಕೊಂಡೋರೆಲ್ಲ ಇವನ ಹತ್ರಾನೇ ಬರ್ಬೇಕು" ಎಂದರು ಮಾವ. ಗಂಡ ಹೆಂಡತಿ ಈಗಲೂ ಸುಖವಾಗಿದ್ದಾರೆ.

ಯಾವಾಗಲೂ ಹೀಗೆಯೇ ಎಂದುಕೊಳ್ಳಬೇಡಿ. ಒಮ್ಮೆ ಎದುರುಮನೆಯವರು ಸುಣ್ಣ ಹೊಡೆಸಿದರು, ಯಾರೋ ಟೇಪು ಹಿಡಿದು ಅಂಗಳ ಅಳೆದರು. ಮನೆ ಮಾರಾಟಕ್ಕಿದೆ ಎಂದು ಮಾವ ಬೀದಿಗೆಲ್ಲ ತಿಳಿಸಿದರು. ಕೊಳ್ಳುವವರಿಬ್ಬರು ಹೋಗಿ ಬಾಗಿಲು ತಟ್ಟಿದಾಗ ಒಳಗೆ ಸೊಸೆಯ ಸೀಮಂತ ನಡೆಯುತ್ತಿತ್ತು! ಅಳೆದದ್ದು ಶಾಮಿಯಾನಕ್ಕೆ. ಮಾಹಿತಿ ಸರಿಯಾಗಿಯೇ ಇತ್ತು, ಅರ್ಥ ಮಾತ್ರ ಸ್ವಲ್ಪ ಪಕ್ಕಕ್ಕೆ ಹೋಯಿತು ಎಂದು ಮಾವನ ಸಮಜಾಯಿಷಿ. ಆಮೇಲೆ ಒಂದು ವಾರ ಅವರು ಹಿತ್ತಿಲ ಬಾಗಿಲಲ್ಲೇ ಓಡಾಡಿದರು.

ಇಂಥವರಿಂದ ಒಂದು ವಿಷಯ ಮುಚ್ಚಿಡುವ ಸಂದರ್ಭ ಬಂತು. ಅಮ್ಮನ ಎದೆಯಲ್ಲಿ ಗಂಟು ಕಾಣಿಸಿತ್ತು. ನಮ್ಮೂರು ಶಿವಮೊಗ್ಗದಲ್ಲೇ ಅದರ ಚೂರು ತೆಗೆಸಿ ಪರೀಕ್ಷೆಗೆ ಕೊಟ್ಟು, ಅದು ಅಪಾಯದ್ದೋ ಅಲ್ಲವೋ ಎಂದು ರಿಪೋರ್ಟಿಗೆ ಕಾಯುತ್ತಿದ್ದೆವು. ತನ್ನ ಅಣ್ಣನಿಗೆ ಗೊತ್ತಾಗಕೂಡದು, ಅವನಿಗೆ ಬಿಪಿ ಏರುತ್ತದೆ ಎಂದು ಅಮ್ಮನ ಕಟ್ಟಪ್ಪಣೆ. ದಿನಾ ಬೆಳಿಗ್ಗೆ ತಾನು ಹಾಕಿದ ರಂಗೋಲಿಯ ಫೋಟೋ ಸ್ಟೇಟಸ್ಸಿಗೆ ಹಾಕುವುದು ಆಕೆಯ ಪದ್ಧತಿ. ಈಗ ಗಾಯದ ನೋವಿಗೆ ಬಗ್ಗಲು ಆಗುತ್ತಿರಲಿಲ್ಲ. ಆದರೂ ಅನುಮಾನ ಬರಬಾರದೆಂದು ಹಳೆಯ ಫೋಟೋಗಳನ್ನೇ ಹುಡುಕಿ ಹಾಕಿದಳು.

ಮೂರನೆಯ ದಿನ ಕೋಟೆ ಏರಿಯಾದ ನಮ್ಮ ಮನೆಯ ಗೇಟಿನಲ್ಲಿ ಮಾವ ನಿಂತಿದ್ದರು!

"ಹೋದ ತಿಂಗಳು ಗೋಡೆಗೆ ಹಳದಿ ಹೊಡೆಸಿದ್ರಿ. ಸ್ಟೇಟಸ್ಸಲ್ಲಿ ಇನ್ನೂ ನೀಲಿ ಇದೆ. ನಿಮ್ಮಮ್ಮ ರಂಗೋಲಿ ಹಾಕ್ತಿಲ್ಲ. ಏನಾಗಿದೆ, ಹೇಳು."

ನಾನು ಹೇಳಿಬಿಟ್ಟೆ. ಅವರು ಒಳಗೆ ಹೋಗಿ, ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಬಂದೆ ಎಂದರು. ಅಮ್ಮ ತಾನು ಚೆನ್ನಾಗಿದ್ದೇನೆ ಎಂದಳು. ಎರಡು ದಿನ ಇಬ್ಬರೂ ಎದುರುಬದುರು ಕೂತು ಅವರೆಕಾಯಿ ಬಿಡಿಸುತ್ತ, ಗಂಟೊಂದನ್ನು ಬಿಟ್ಟು ಊರಿನ ಸುದ್ದಿಯೆಲ್ಲ ಮಾತಾಡಿದರು. ನನಗೆ ನಗುವೂ ಬರುತ್ತಿತ್ತು, ಭಯವೂ ಆಗುತ್ತಿತ್ತು.

ಮರುದಿನ ಮಧ್ಯಾಹ್ನ ರಿಪೋರ್ಟ್ ತಂದೆ. ಏನೂ ತೊಂದರೆ ಇಲ್ಲ, ಸಾಮಾನ್ಯ ಗಂಟು ಎಂದು ಬಾಗಿಲಿನಿಂದಲೇ ಹೇಳಿದೆ. ಅಮ್ಮ ಎದ್ದು ದೇವರ ಮುಂದೆ ದೀಪ ಹಚ್ಚಲು ಹೋದಳು. ಇನ್ನು ಮಾವನ ತನಿಖೆ ಶುರುವಾಗುತ್ತದೆ, ಹೆಸರು, ತಾರೀಕು, ಸೀಲು ಎಲ್ಲ ನೋಡುತ್ತಾರೆ ಎಂದುಕೊಂಡು ಕಾಗದವನ್ನು ಅವರ ಕೈಗಿಟ್ಟೆ. ಅವರು ಬಿಡಿಸಲೇ ಇಲ್ಲ. ಇನ್ನೊಂದು ಮಡಿಕೆ ಮಾಡಿ ನನಗೇ ಹಿಂದಿರುಗಿಸಿದರು.

"ಒಂದ್ಸಲ ಓದಿ ಮಾವ" ಎಂದೆ.

"ಬೇಡ ಮಾರಾಯ್ತಿ. ನನ್ನ ಕಣ್ಣಿಗೆ ಅದ್ರಲ್ಲಿ ಬೇರೆ ಏನಾದ್ರೂ ಕಂಡ್ರೆ? ಇರೋದು ಒಬ್ಬಳೇ ತಂಗಿ."