ನನ್ನ ಕೈಬರಹದ ಕಂಪ್ಯೂಟರ್ ಅಕ್ಷರಕ್ಕೆ ಒಂದು ಅಹವಾಲು

ಗುನ್ಸಾನ್ ಪಟ್ಟಣದ ಸಕಲ ಗೋಡೆ, ಗಾಜು, ಪೊಟ್ಟಣಗಳ ಮೇಲೆ ಬೆಳಗುತ್ತಿರುವ 'ಚಿಕ್ಕಮ್ಮನ ಅಕ್ಷರ' ಎಂಬ ಕಂಪ್ಯೂಟರ್ ಅಕ್ಷರಶೈಲಿಯವರ ಸನ್ನಿಧಾನಕ್ಕೆ, ಬಂದರಿನ ಬಳಿ ನೂಡಲ್ಸ್ ಅಂಗಡಿ ನಡೆಸುವ ಮಾ ಸೊನೊಕ್ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಮನೆಯ ವಿಳಾಸ ತಿಳಿಯದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ, ಮನ್ನಿಸಬೇಕು. ನನ್ನ ಅಂಗಡಿಯ ಗೋಡೆಯಲ್ಲಿ ನಾನೇ ಬರೆದಿದ್ದ ತಿಂಡಿಪಟ್ಟಿಯನ್ನು ಕಂಡು ಅಕ್ಷರಶೈಲಿ ತಯಾರಿಸುವ ಕಂಪನಿಯ ಹುಡುಗಿಯೊಬ್ಬಳು "ಚಿಕ್ಕಮ್ಮ, ನಿಮ್ಮ ಅಕ್ಷರ ನೋಡಿದ್ರೇನೇ ಹೊಟ್ಟೆ ತುಂಬತ್ತೆ" ಎಂದು ಉಬ್ಬಿಸಿ, ಅಕ್ಷರಮಾಲೆಯನ್ನೆಲ್ಲ ಬರೆಸಿಕೊಂಡು ಹೋದದ್ದರಿಂದ ತಮ್ಮ ಜನನವಾಯಿತು. ತಮ್ಮ ಸೊನ್ನೆಗಳ ಬಾಯಿ ಪೂರ್ತಿ ಮುಚ್ಚದಿರುವುದೂ, ಸಾಲು ಬಲಕ್ಕೆ ಹೋದಂತೆ ಮೇಲೇರುವುದೂ ನನ್ನ ಅವಸರದ ಗುಣಗಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಮೊದಮೊದಲು ನನಗೂ ಹೆಮ್ಮೆಯೇ ಇತ್ತು.

ತಮ್ಮ ದುಡಿಮೆಗೆ ಎಣೆಯಿಲ್ಲ. ಕಾಫಿ ಅಂಗಡಿಯಲ್ಲಿ 'ಇಂದು ನಗುತ್ತಿರಿ' ಎನ್ನುವವರು ತಾವೇ, ಪಕ್ಕದ ಗೋಡೆಯಲ್ಲಿ 'ಇಲ್ಲಿ ಕಾರು ನಿಲ್ಲಿಸಿದರೆ ಎಳೆದೊಯ್ಯಲಾಗುವುದು' ಎನ್ನುವವರೂ ತಾವೇ. ಮೂಲವ್ಯಾಧಿ ಆಸ್ಪತ್ರೆಯ ಫಲಕದಲ್ಲಿ ತಾವು ತೋರುವ ಸಲುಗೆಯನ್ನು ಒಡಹುಟ್ಟಿದವರೂ ತೋರಲಾರರು.

ಒಡಹುಟ್ಟಿದವರ ಕುರಿತೇ ನನ್ನ ಅಹವಾಲು. ಕಳೆದ ಚಳಿಗಾಲಕ್ಕೆ ಮನೆಮಂದಿಯೆಲ್ಲ ಸೇರಿ ವರ್ಷದ ಕೋಸಿನ ಉಪ್ಪಿನಕಾಯಿ, ಅಂದರೆ ಕಿಮ್ಚಿ, ಹಾಕುವಾಗ ಅಕ್ಕ ಮಿಯೊಕ್ ಕೋಸಿಗೆ ಉಪ್ಪು ಹೆಚ್ಚು ಹಾಕಿದಳು, ನಾನು ಅದನ್ನು ಅವಳ ಹೊಸ ಸೊಸೆಯ ಎದುರಿಗೇ ಹೇಳಿದೆ. ಅಂದಿನಿಂದ ಮಾತಿಲ್ಲ. ಉಪ್ಪು ಹೆಚ್ಚಾಗಿದ್ದದ್ದು ಇಂದಿಗೂ ನಿಜವೇ; ಆದರೆ ನಮ್ಮಲ್ಲಿ ಕ್ಷಮೆ ಕೇಳಬೇಕಾದವರು ಚಿಕ್ಕವರು, ಅದೂ ಸ್ವಂತ ಕೈಯಲ್ಲಿ ಬರೆದು. ಮತ್ತೆ ಕಿಮ್ಚಿಯ ಕಾಲ ಬಂತು, ಅಕ್ಕನಿಲ್ಲದೆ ಕೋಸು ತೊಳೆಯಲು ನನ್ನಿಂದಾಗದು. ಅಂಗಡಿ ಮುಚ್ಚಿ ಕುಳಿತು, ಹಾಳೆ ಹರಿದೆಸೆದು, ಅತ್ತು, ಬರೆದು ಕಳಿಸಿದೆ.

ಅಕ್ಕ ಫೋನ್ ಮಾಡಿದಳು. "ಅಲ್ಲ ಕಣೇ, ಒಂದು ಪೆನ್ನು ಹಿಡಿಯೋಕೂ ನಿಂಗೆ ಪುರುಸೊತ್ತಿಲ್ವಾ? ಕಾರು ಎಳ್ಕೊಂಡು ಹೋಗೋರ ನೋಟಿಸು ಅಂದ್ಕೊಂಡು ಬಿಸಾಕ್ತಿದ್ದೆ." ಅದು ನನ್ನದೇ ಅಕ್ಷರವೆಂದೆ. "ಅಕ್ಷರ ನಿಂದೇ, ಗೊತ್ತು. ಬರ್ದಿದ್ದು ನೀನು ಅಂತ ಏನು ಗ್ಯಾರಂಟಿ?" ಎಂದು ಫೋನಿಟ್ಟಳು. ಎಡಗೈಯಲ್ಲಿ ಬರೆದು ಕಳಿಸಿದೆ. ಯಾರ ಕೈಲಿ ಬರೆಸಿದೆ ಎಂದು ಕೇಳಿದಳು.

ಆದಕಾರಣ ನನ್ನ ಪ್ರಾರ್ಥನೆಯೆಂದರೆ, ಕ್ಷಮೆಯ ಪತ್ರಗಳಲ್ಲಾದರೂ ತಾವು ಕೊಂಚ ನಡುಗಬೇಕು, ಒಂದೆರಡು ಕಡೆ ಶಾಯಿ ಹರಡಬೇಕು, ಮನಸ್ಸಿಲ್ಲದವರು ಕೀ ಒತ್ತಿದರೆ ಮೂಡಲು ನಿರಾಕರಿಸಬೇಕು. ಅದಾಗದಿದ್ದರೆ ನನ್ನ ಅಕ್ಷರವನ್ನು ನನಗೆ ಹಿಂದಿರುಗಿಸಿ, ತಾವು ಬೇರೆ ಯಾರ ಬಳಿಯಾದರೂ ಬರೆಯಲು ಕಲಿಯಬೇಕು.

ನಿನ್ನೆ ಅಕ್ಕನಿಂದ ಕಾರ್ಡು ಬಂತು. ಚರ್ಚಿನ ಆಫೀಸಿನಲ್ಲಿ ಅಚ್ಚು ಹಾಕಿಸಿದ್ದಾಳೆ, ತಮ್ಮ ರೂಪದಲ್ಲೇ. 'ಕ್ಷಮಾಪಣೆ ತಲುಪಿತು. ಈ ಸಲ ಕಿಮ್ಚಿಗೆ ಬರಬೇಡ.' ನನ್ನ ಕೈಯೇ ನನಗೆ ಬರಬೇಡವೆಂದು ಬರೆದಂತಿತ್ತು, ಸಾಲು ಎಂದಿನಂತೆ ಖುಷಿಯಾಗಿ ಮೇಲೇರಿತ್ತು. ನನಗೆ ತುಂಬಾ ನೋವಾಯಿತು.

ತಮ್ಮ ವಿಶ್ವಾಸಿ ಹಾಗೂ ಅಸಲು ಪ್ರತಿ,
ಮಾ ಸೊನೊಕ್

ತಾ.ಕ.: ಶನಿವಾರ ನಾನು ಕರೆಯಿಲ್ಲದಿದ್ದರೂ ಅಕ್ಕನ ಮನೆಗೆ ಹೋಗಿ, ಕೋಸಿನ ರಾಶಿಯ ಪಕ್ಕದಲ್ಲಿ ಕುಳಿತು, ಅವಳ ಕಣ್ಣೆದುರೇ ಬರೆಯಲಿದ್ದೇನೆ, ಅವಳು ನಂಬುವವರೆಗೂ ಬರೆಯಲಿದ್ದೇನೆ. ಅಂದು ತಾವು ಊರಲ್ಲೆಲ್ಲೂ ಕಾಣಿಸಿಕೊಳ್ಳದೆ ರಜೆ ಹಾಕಬೇಕಾಗಿ ವಿನಂತಿ. ಮೂಲವ್ಯಾಧಿಯವರು ಒಂದು ದಿನ ತಡೆದುಕೊಳ್ಳುತ್ತಾರೆ.