ಆಟಗಾರರ ಮನಸ್ಸಿಗೆ ಕಸರತ್ತು ಕಲಿಸಲು ಹೋಗಿ

ಯಲಹಂಕದ ಒಂದು ಕ್ರೀಡಾ ಅಕಾಡೆಮಿಯಲ್ಲಿ ಆಟಗಾರರ ಮನಸ್ಸಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮೈಗೆ ಕಸರತ್ತು ಕಲಿಸುವವರಿಗೆ ಶಿಷ್ಯ ಏನು ಮಾಡುತ್ತಿದ್ದಾನೆ ಎಂದು ಕಣ್ಣಿಗೆ ಕಾಣುತ್ತದೆ. ನನಗೆ ಕಾಣುವುದಿಲ್ಲ. ಹಾಗಾಗಿ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಲೇ ಇರುತ್ತದೆ.

ಕಣ್ಣು ಮುಚ್ಚಿ ಆಡಿದ ಕಬಡ್ಡಿ

ಹುಣಸಮಾರನಹಳ್ಳಿಯ ಹುಡುಗನೊಬ್ಬ ಒಳ್ಳೆಯ ರೇಡರ್. ಪಂದ್ಯದ ದಿನ ಮಾತ್ರ ಹೆದರುತ್ತಿದ್ದ. ಗೆಲ್ಲುವುದನ್ನು ಮೊದಲೇ ಮನಸ್ಸಿನಲ್ಲಿ ನೋಡಿಕೊಳ್ಳುವ ಅಭ್ಯಾಸ ಮಾಡಿಸೋಣ ಅಂದುಕೊಂಡೆ.

"ಕಣ್ಣು ಮುಚ್ಚು. ಈಗ ರೇಡ್‌ಗೆ ಹೋಗ್ತಿದ್ದೀಯ. ಯಾರನ್ನ ಬೇಕಾದ್ರೂ ಮುಟ್ಟಿ ವಾಪಸ್ ಬಾ" ಅಂದೆ.

ಎರಡು ನಿಮಿಷ ಕೂತಿದ್ದ. ಹಣೆಯಲ್ಲಿ ಬೆವರು ಬಂತು. ಕಣ್ಣು ತೆರೆದ.

"ಏನಾಯ್ತು?"

"ಔಟ್ ಸಾ. ಇಂಗ್ ತಿರುಗೋದ್ರೊಳ್ಗೆ ಕಾಲ್ ಇಡ್ಕೊಂಬುಟ್ರು."

"ಅದು ನಿನ್ನ ಕಲ್ಪನೆ ಕಣೋ, ನಿನ್ನಿಷ್ಟ! ಇನ್ನೊಂದ್ಸಲ ಹೋಗು."

"ಎಂಗ್ ಓಗ್ಲಿ ಸಾ? ಔಟಾಗಿ ಆಚೆ ಕುಂತಿವ್ನಿ."

ತನ್ನೊಡನೆ ತಾನು

ಕೆಂಪಾಪುರದ ಬ್ಯಾಡ್ಮಿಂಟನ್ ಹುಡುಗಿ ಒಂದು ಪಾಯಿಂಟ್ ಹೋದರೂ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಬೈಯುವ ಬದಲು ನಿನ್ನ ಜೊತೆ ನೀನೇ ಪ್ರೀತಿಯಿಂದ ಮಾತಾಡಿಕೋ ಎಂದು ಹೇಳಿಕೊಟ್ಟೆ. ವಾರದ ಮೇಲೆ ಅವಳ ತಾಯಿ ಫೋನ್ ಮಾಡಿದರು.

"ಸರ್, ಮಗಳು ಒಬ್ಬಳೇ ಮಾತಾಡ್ತಾಳೆ."

"ಗಾಬರಿ ಬೇಡಮ್ಮ, ಅದು ನಾನೇ ಹೇಳಿಕೊಟ್ಟಿದ್ದು."

"ಮಾತಾಡ್ಲಿ ಬಿಡಿ ಸರ್. ಈಗ ಅವರಿಬ್ಬರಿಗೂ ಜಗಳ ಆಗಿದೆ, ಊಟಕ್ಕೆ ಬರ್ತಿಲ್ಲ."

ಮೈ ಸಡಿಲಿಸುವ ವಿದ್ಯೆ

ಇದು ಈಗ ರಾಜ್ಯ ತಂಡದಲ್ಲಿರುವ ವೇಟ್‌ಲಿಫ್ಟರ್ ವಿಷಯ. ಬಾಗಲಕೋಟೆ ಕಡೆಯವನು, ಯಶವಂತಪುರದಲ್ಲಿ ರೂಮು, ಹಗಲು ಕಾರ್ಖಾನೆ ಕೆಲಸ. ಎರಡು ವರ್ಷ ಆಯ್ಕೆ ಸ್ಪರ್ಧೆಯಲ್ಲಿ ಕಾಲು ನಡುಗಿ ಸೋತಿದ್ದ. ಇದೇ ಕೊನೆ, ಆಗದಿದ್ದರೆ ಬಿಟ್ಟುಬಿಡುತ್ತೇನೆ ಅಂದಿದ್ದ.

ಸ್ಪರ್ಧೆಯ ದಿನ ವಾರ್ಮಪ್ ಕೋಣೆಯಲ್ಲಿ ಅವನನ್ನು ಚಾಪೆ ಮೇಲೆ ಮಲಗಿಸಿದೆ. "ಪಾದ ಸಡಿಲ ಬಿಡು... ಮೀನಖಂಡ ಸಡಿಲ ಬಿಡು..." ಮಂಡಿಗೆ ಬರುವಷ್ಟರಲ್ಲಿ ಗೊರಕೆ ಶುರುವಾಯಿತು. ನನ್ನ ವಿದ್ಯೆ ಇಷ್ಟು ಚೆನ್ನಾಗಿ ಫಲಿಸಿದ್ದು ಅದೇ ಮೊದಲು. ಖುಷಿಯಿಂದ ನೋಡುತ್ತಾ ಕೂತೆ.

ಮೈಕಿನಲ್ಲಿ ಅವನ ಹೆಸರು ಕೂಗಿದರು. ಒಂದು ನಿಮಿಷದೊಳಗೆ ಎತ್ತಬೇಕು. ಅಲುಗಾಡಿಸಿದೆ, ಏಳಲಿಲ್ಲ. ಮುಖಕ್ಕೆ ನೀರು ಚಿಮುಕಿಸಿ, ಎಬ್ಬಿಸಿ, ವೇದಿಕೆಗೆ ತಳ್ಳಿದೆ. ನನ್ನ ಕಾಲು ನಡುಗುತ್ತಿತ್ತು. ಅವನು ಆಕಳಿಸಿದ, ಬಾಗಿದ, ಎತ್ತಿದ. ಹಿಂದೆಂದೂ ಸ್ಪರ್ಧೆಯಲ್ಲಿ ಎತ್ತಿರದಷ್ಟು ಭಾರ! ಮೂವರು ತೀರ್ಪುಗಾರರೂ ಎತ್ತಿದ್ದು ಸರಿ ಎಂದು ಬಿಳಿ ದೀಪ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು.

ಅವನು ಇಳಿದು ಬಂದು ಸೀದಾ ಚಾಪೆ ಮೇಲೆ ಮಲಗಿದ.

"ವಾರ್ಮಪ್ ಆತ್ರಿ ಸರ. ನನ್ನ ಹೆಸರ ಕರದಾಗ ಎಬ್ಬಸ್ರಿ."