ಹೆಸರಿರುವ ಮುಳ್ಳು, ಹೆಸರಿಲ್ಲದ ಪ್ಯಾಂಟು

ಪರಸ್ಥಳದಲ್ಲಿ ನನ್ನ ಊರಿನ ಹೆಸರು ಹೇಳುವ ಮೊದಲು ಒಂದು ಕ್ಷಣ ತಡೆಯುತ್ತೇನೆ. ನಾಚಿಕೆಯಿಂದಲ್ಲ, ಮುಂದಿನ ಮಾತು ಏನೆಂದು ಗೊತ್ತಿರುವುದರಿಂದ. ಮೈಸೂರಿನ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು, "ಬಳ್ಳಾರಿನಾ? ಓಹೋ, ಬಳ್ಳಾರಿ ಜಾಲಿ!" ಎಂದು, ನನ್ನ ಮೈಮೇಲೂ ಮುಳ್ಳಿದೆಯೇನೋ ಎಂಬಂತೆ ತುಸು ಸರಿದು ಕೂತರು. ಆ ಗಿಡ ಸಮುದ್ರದಾಚೆಯಿಂದ ಬಂದದ್ದಂತೆ. ಕೆರೆ ದಂಡೆ, ರಸ್ತೆ ಬದಿ, ಈಗ ನಾಡಿನಲ್ಲಿ ಎಲ್ಲೆಂದರಲ್ಲಿ ಬೆಳೆದು ನಿಂತಿದೆ. ಅದಕ್ಕೆ ನಮ್ಮ ಊರಿನ ಹೆಸರಿಟ್ಟವರು ಯಾರೋ ಕಾಣೆ, ನಮ್ಮನ್ನಂತೂ ಕೇಳಲಿಲ್ಲ.

ಹೀಗಿರುವಾಗ, ನಾನು ಕನ್ನಡ ಕಲಿಸುವ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೊರಗಿನ ಅತಿಥಿಗಳು ಬರುತ್ತಾರೆ, ಊರಿನ ಪರಿಚಯ ಒಂದು ಪುಟ ಬರೆದುಕೊಡಿ ಎಂದು ಪ್ರಾಂಶುಪಾಲರು ಹೇಳಿದರು. ಜಾಲಿಯ ಸೇಡು ತೀರಿಸಿಕೊಳ್ಳಲು ಇದೇ ಸಮಯವೆಂದು ಬರೆಯಲು ಕೂತೆ. ಗುಡ್ಡದ ಮೇಲಿನ ಕೋಟೆ, ಕಬ್ಬಿಣದ ಅದಿರು, ಸಿರುಗುಪ್ಪದ ಭತ್ತ, ಕುರುಗೋಡಿನ ಮೆಣಸಿನಕಾಯಿ, ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಚೌಕಾಸಿ ನಡೆದು ಉರ್ದುವಿನಲ್ಲಿ ಮುಗಿಯುವ ಬ್ರೂಸ್‌ಪೇಟೆಯ ವ್ಯಾಪಾರ, ಯಾವುದನ್ನೂ ಬಿಡಲಿಲ್ಲ. ವೇದಿಕೆಯ ಮೇಲೆ ಅದನ್ನು ಓದಬೇಕಾದವಳು ನನ್ನ ವಿದ್ಯಾರ್ಥಿನಿ ರೇಷ್ಮಾ. ಕೌಲ್ ಬಜಾರಿನಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಜೀನ್ಸ್ ಹೊಲಿಯುವ ಮೆಹಬೂಬ್ ಸಾಬರ ಮಗಳು. ಹಾಳೆ ಕೊಟ್ಟ ಮರುದಿನವೇ ಸಾಬರು ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಚಲೋ ಬರ್ದೀರಿ ಸರ್. ಆದ್ರ ನಮ್ಮ ಓಣಿ ಎಲ್ಲೈತ್ರಿ ಇದ್ರಾಗ? ಅಬ್ಬಾನ ಕೆಲಸಾನ ಇಲ್ಲದ ಊರು ನಾ ಹೆಂಗ ಓದ್ಲಿ ಅಂತ ಮಗಳು ಹಟ ಹಿಡದಾಳ."

"ಗುಡ್ಡದ ಮ್ಯಾಲಿನ ಕೋಟಿ ಬಗ್ಗೆ ಬರದೀನಲ್ರಿ," ಎಂದೆ.

"ಕೋಟ್ಯಾಗ ಯಾರದಾರ್ರೀ ಈಗ? ಇಲ್ಲಿ ಮನಿಗೊಂದು ಮಷಿನ್ ಐತಿ. ಅತ್ತಿ ದಾರ ಕತ್ತರಸ್ತಾಳ, ಸೊಸಿ ಬೆಲ್ಟಿನ ಲೂಪು ಹಚ್ತಾಳ."

ತಪ್ಪು ಒಪ್ಪಿಕೊಳ್ಳುವುದು ಮೇಷ್ಟ್ರುಗಳಿಗೆ ಅಷ್ಟು ಸುಲಭವಲ್ಲ. "ಪ್ಯಾಂಟು ಸಂಸ್ಕೃತಿ ಅಲ್ರೀ ಸಾಬರ. ಅದೂ ಅಲ್ದ, ನಮ್ಮ ಊರಿಂದು ಸಾದಾ ಮಾಲು. ಜೀನ್ಸ್ ಅಂದ್ರ ಇದು ನೋಡ್ರಿ, ಬೆಂಗಳೂರಾಗ ತೊಗೊಂಡೀನಿ," ಎಂದು ತೊಟ್ಟ ಪ್ಯಾಂಟನ್ನೇ ತೋರಿಸಿದೆ. ಸಾಬರು ಬಗ್ಗಿ, ಸಂಕೋಚವಿಲ್ಲದೆ ನನ್ನ ಜೇಬನ್ನು ಹೊರಗೆಳೆದು ಬೆಳಕಿಗೆ ಹಿಡಿದರು.

"ಇದು ನಂದ ರೀ ಸರ್! ಜೇಬಿನ ಮೂಲ್ಯಾಗ ನಾಕು ಹೊಲಿಗಿ ಹೆಚ್ಚು ಹಾಕ್ತೀನಿ, ಹರೀಬಾರದು ಅಂತ. ಲೇಬಲ್ ಅಷ್ಟ ಅವರದು."

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಕಳೆದುಹೋದ ಆಡು ಮರಳಿ ಸಿಕ್ಕವರ ಸಂತೋಷವಿತ್ತು. ನನಗೆ ಮಾತ್ರ ನಿಜಕ್ಕೂ ನಾಚಿಕೆಯಾಯಿತು. ನಮ್ಮದಲ್ಲದ ಮುಳ್ಳಿಗೆ ನಮ್ಮ ಹೆಸರೇಕೆ ಎಂದು ಊರೂರಿನಲ್ಲಿ ಜಗಳ ಕಾಯುವ ನಾನು, ನಮ್ಮವರೇ ಹೊಲಿದ ಪ್ಯಾಂಟನ್ನು ಬೇರೆಯವರ ಹೆಸರಿನಲ್ಲಿ ಹೆಮ್ಮೆಯಿಂದ ತೊಟ್ಟು ತಿರುಗುತ್ತಿದ್ದೆ. ಅದೇ ಸಂಜೆ ಕೋಟೆಯನ್ನು ಎರಡು ಸಾಲಿಗೆ ಇಳಿಸಿ ಓಣಿಗೆ ಜಾಗ ಮಾಡಿದೆ. ವಾರ್ಷಿಕೋತ್ಸವದ ದಿನ ಆ ಭಾಗ ಬಂದಾಗ ರೇಷ್ಮಾ ದನಿ ಏರಿಸಿ ಓದಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಸಾಬರು ತಲೆ ತಗ್ಗಿಸಿ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದರೆ, ಸೆಕೆಗೆ ಬೆವರು ಎಂದರು. ಬಳ್ಳಾರಿಯಲ್ಲಿ ಆ ನೆಪ ವರ್ಷವಿಡೀ ನಡೆಯುತ್ತದೆ.

ಮರುವಾರ ಸಾಬರು ಅದೇ ಪ್ಯಾಂಟು ಕೇಳಿ ತೆಗೆದುಕೊಂಡು ಹೋಗಿ, ಸೊಂಟಪಟ್ಟಿಯ ಮುಂದೆ, ಗುಂಡಿಯ ಪಕ್ಕದಲ್ಲಿ, ಕೆಂಪು ದಾರದಲ್ಲಿ 'ಬಳ್ಳಾರಿ' ಎಂದು ಹೊಲಿದುಕೊಟ್ಟರು. ಜಾಲಿಯ ಮಾತೆತ್ತುವವರಿಗೆ ಈಗ ನನ್ನ ಬಳಿ ಉತ್ತರ ಸಿದ್ಧವಿದೆ. ತೊಂದರೆಯೆಂದರೆ, ಅವರು ಆ ಉತ್ತರ ಓದಬೇಕಾದರೆ ನಾನು ಅಂಗಿ ಎತ್ತಿ, ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಕು. ಸಿರುಗುಪ್ಪದ ಅನ್ನ, ದಿನಾ ಬೆಳಗಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಲ್ಲ ಸೇರಿ ಬೆಳೆಸಿದ ಹೊಟ್ಟೆ ಅದು. ಹಾಗೆ ನೋಡಿದರೆ ಅದೂ ಅಪ್ಪಟ ಬಳ್ಳಾರಿ ಮಾಲೇ. ಅದರ ಮೇಲೆ ಮಾತ್ರ ಯಾವ ಬೆಂಗಳೂರಿನವರೂ ತಮ್ಮ ಲೇಬಲ್ ಹಚ್ಚಲು ಇನ್ನೂ ಮುಂದೆ ಬಂದಿಲ್ಲ.